ಸಾಕುನಾಯಿಯನ್ನು ಮನೆಯಲ್ಲಿ ಕ್ರೇಟಿನೊಳಗೆ (ಬಾಗಿಲಿರುವ, ಸರಳುಗಳ ಪಂಜರದೊಳಗೆ) ಇರಿಸುವುದು ಸರಿಯೇ? ಎಷ್ಟು ಹೊತ್ತು ಇರಿಸಬಹುದು?

ಸರಿಯಾಗಿ ರೂಢಿ ಮಾಡಿಸಿದರೆ ತಪ್ಪಿಲ್ಲ. ಆದರೆ ಮೂರು ತಿಂಗಳ ಮರಿಯು ಹಗಲಿನಲ್ಲಿ ಮೂತ್ರ ತಡೆದುಕೊಳ್ಳಬಲ್ಲದ್ದು ಹೆಚ್ಚೆಂದರೆ ಮೂರು-ನಾಲ್ಕು ಗಂಟೆಯಾದ್ದರಿಂದ, ಬೆಳಿಗ್ಗೆ ಕಚೇರಿಗೆ ಹೋಗಿ ಸಂಜೆ ಮರಳುವವರು ಅದನ್ನು ಕೂಡಿಹಾಕಿ ಹೋಗಬಾರದು. ಬೆಳೆದ ನಾಯಿಗೂ ಒಂದೇ ಸಮನೆ ನಾಲ್ಕು ಗಂಟೆ ಮೀರದಿರುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ನಾಯಿ ತಲೆ ತಗ್ಗಿಸದೆ ನಿಲ್ಲುವಷ್ಟು, ಸರಾಗವಾಗಿ ತಿರುಗುವಷ್ಟು, ಕಾಲು ಚಾಚಿ ಮಲಗುವಷ್ಟು ಜಾಗ ಕ್ರೇಟಿನಲ್ಲಿರಬೇಕು. ಮೊದಲು ಬಾಗಿಲು ತೆರೆದೇ ಇಟ್ಟು, ಊಟದ ಬಟ್ಟಲನ್ನು ಒಳಗಿರಿಸಿ, ಅದು ತಾನಾಗಿಯೇ ಹೋಗಿ ಮಲಗತೊಡಗಿದ ಮೇಲಷ್ಟೇ, ನೀವು ಎದುರಿಗಿರುವಾಗ ಕೆಲವು ನಿಮಿಷ ಬಾಗಿಲು ಹಾಕಿ, ಅವಧಿಯನ್ನು ನಿಧಾನವಾಗಿ ಹೆಚ್ಚಿಸಬೇಕು. ಶಿಕ್ಷೆಯೆಂದು ಒಮ್ಮೆ ಒಳಗೆ ತಳ್ಳಿದರೂ ಈ ಶ್ರಮವೆಲ್ಲ ವ್ಯರ್ಥವಾಗಬಹುದು. ಕೊರಳಪಟ್ಟಿ ಸರಳಿಗೆ ಸಿಕ್ಕಿ ಉಸಿರುಗಟ್ಟುವ ಅಪಾಯವಿರುವುದರಿಂದ ಅದನ್ನು ಬಿಚ್ಚಿಡಿ. ಬಿಸಿಲು ಬೀಳುವ ಬಾಲ್ಕನಿಯಂತೂ ಬೇಡವೇ ಬೇಡ. ಪಗ್‌ನಂತಹ ಮೋಟುಮೂಗಿನ ತಳಿಗಳಿಗೆ ಅಲ್ಲಿಯ ಸೆಕೆ ಪ್ರಾಣಕ್ಕೇ ಕುತ್ತು ತರಬಲ್ಲದು.

ಒಂಟಿಯಾದೊಡನೆ ಗಾಬರಿಗೊಂಡು, ಜೊಲ್ಲು ಸುರಿಸುತ್ತ ಸರಳು ಕಚ್ಚುವ ನಾಯಿಗೆ ಕ್ರೇಟು ಪರಿಹಾರವಲ್ಲ, ಪಶುವೈದ್ಯರಿಗೆ ತೋರಿಸಬೇಕು. ಅಂದ ಹಾಗೆ, ಅಲುಗಾಡಲು ತಕ್ಕಷ್ಟು ಅವಕಾಶವಿಲ್ಲದ ಪಂಜರದಲ್ಲಿ ಪ್ರಾಣಿಯನ್ನಿಡುವುದು ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಡಿ ಅಪರಾಧವೂ ಹೌದು.