ಪ್ರತಿ: ಜೆಕಿಲ್–ಹೈಡ್ ಮತ್ತು ಜ್ಯಾಕ್ ದ ರಿಪ್ಪರ್ ಹೋಲಿಕೆ ಯಾಕೆ ಗಟ್ಟಿಯಾಗಿ ನಿಲ್ಲುತ್ತಿಲ್ಲ?

ನಿಮ್ಮ ಸೆಮಿನಾರ್ ಪ್ರಬಂಧ ಮುಂದೆ ಹೋಗದಿರುವುದಕ್ಕೆ ಬಹುಶಃ ರಿಪ್ಪರ್‌ನ ಆಯ್ಕೆಯೇ ಕಾರಣ. ಮರ್ಯಾದಸ್ಥ ವೈದ್ಯ ಜೆಕಿಲ್ ಮದ್ದು ಕುಡಿದು ದುಷ್ಟ ಹೈಡ್ ಆಗುವ ಸ್ಟೀವನ್‌ಸನ್ನರ ಕಥೆ ಬಂದದ್ದು 1886ರಲ್ಲಿ, ರಿಪ್ಪರ್ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಕೊಲೆಗಳನ್ನು ಮಾಡಿದ್ದು 1888ರಲ್ಲಿ. ರಿಪ್ಪರ್ ಸಿಕ್ಕಿಬೀಳಲೇ ಇಲ್ಲ. ಅವನ ಮನಸ್ಸಿನ ಬಗ್ಗೆ ಯಾರು ಏನು ಬರೆದರೂ ಅದು ಊಹೆ.

ಮೊದಲು ದಾಖಲೆಯಿರುವ ಹಂತಕನನ್ನು ತೆಗೆದುಕೊಳ್ಳಿ. ಅಮೆರಿಕದ ವಿಚಿಟಾದ ಡೆನಿಸ್ ರೇಡರ್ ಹೊಂದುತ್ತಾನೆ: 1974ರಿಂದ 1991ರವರೆಗೆ 10 ಕೊಲೆ, 2005ರಲ್ಲಿ ಬಂಧನವಾದಾಗ ಚರ್ಚಿನ ಮಂಡಳಿಯ ಅಧ್ಯಕ್ಷ, ಕೋರ್ಟಿನಲ್ಲಿ ತಪ್ಪೊಪ್ಪಿಗೆ.

ನಂತರ ಕೊನೆಯ ಅಧ್ಯಾಯವಾದ ಜೆಕಿಲ್‌ನ ಹೇಳಿಕೆಯನ್ನು ಪೆನ್ಸಿಲ್ ಹಿಡಿದು ಓದಿ. ಹೈಡ್‌ನ ಕೃತ್ಯಗಳ ಮಾತು ಬಂದಾಗ 'ನಾನು' ಎಲ್ಲೆಲ್ಲಿ 'ಅವನು' ಆಗುತ್ತದೆಂದು ಗುರುತು ಹಾಕಿ. 'ನಾನು ಎನ್ನಲಾರೆ' ಎಂದು ಜೆಕಿಲ್ ನೇರವಾಗಿಯೇ ಹೇಳುತ್ತಾನೆ. ರೇಡರ್ 1978ರ ಪತ್ರದಲ್ಲಿ ಹೊಣೆಯನ್ನು 'ಫ್ಯಾಕ್ಟರ್ ಎಕ್ಸ್' ಮೇಲೆ, ಅಂದರೆ ತನ್ನನ್ನು ಕೊಲೆಗೆ ತಳ್ಳುವ ಯಾವುದೋ ಅಜ್ಞಾತ ಶಕ್ತಿಯ ಮೇಲೆ ಹಾಕಿದ. ಅದೇ ಜಾರಿಕೆ! ಪ್ರಬಂಧದ ಜೀವ ಇಲ್ಲಿದೆ, ಅರ್ಧದಷ್ಟು ಪುಟಗಳನ್ನು ಇದಕ್ಕೇ ಕೊಡಿ.

ಆದರೆ ಇದನ್ನು ಬಹುವ್ಯಕ್ತಿತ್ವದ ಕಾಯಿಲೆ ಎಂದು ಕರೆಯಬೇಡಿ. ತನಗೂ ಹೈಡ್‌ಗೂ ನೆನಪು ಒಂದೇ ಎಂದು ಜೆಕಿಲ್ ಸ್ಪಷ್ಟವಾಗಿ ಬರೆದಿದ್ದಾನೆ. ಮಾಡಿದ್ದೆಲ್ಲ ಅವನಿಗೆ ಗೊತ್ತು.

ಕೊನೆಗೆ ಹೊಂದದ್ದನ್ನೂ ಬರೆಯಿರಿ. ಹೈಡ್ ಕೇರ್ಯೂ ಎಂಬ ವೃದ್ಧನನ್ನು ಹಠಾತ್ ಆವೇಶದಲ್ಲಿ ಕೋಲಿನಿಂದ ಬಡಿದು ಕೊಲ್ಲುತ್ತಾನೆ, ಕಥೆಯಲ್ಲಿ ಕಾಣುವುದು ಆ ಒಂದೇ ಕೊಲೆ. ರೇಡರ್ ಹಿಂಬಾಲಿಸಿ, ಯೋಜಿಸಿ ಕೊಂದವನು. ಹೈಡ್‌ನ ಮುಖ ಕಂಡೊಡನೆ ಜನ ಹೇಸುತ್ತಾರೆ; ರೇಡರ್‌ನನ್ನು ಚರ್ಚಿನವರು ಅಧ್ಯಕ್ಷನನ್ನಾಗಿ ಮಾಡಿದ್ದರು. ಶೀರ್ಷಿಕೆಯಲ್ಲಿ 'ಸರಣಿ ಹಂತಕ ಹೈಡ್' ಎಂದಿದ್ದರೆ ತೆಗೆದು, 'ಹಂತಕನ ಆತ್ಮಸಮರ್ಥನೆ' ಎಂದಿಡಿ.