73 ವರ್ಷದ ನಂತರ ಊರು ಸೇರಿದ ರಾಬರ್ಟ್ ಆಕ್ಸ್‌ಫರ್ಡ್

ಯುದ್ಧದಲ್ಲಿ ಕಾಣೆಯಾದ ಬಾಂಬರ್ ವಿಮಾನದವರ ಗುರುತು ಇಷ್ಟು ವರ್ಷದ ಮೇಲೂ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಸಿಗುತ್ತದೆ. ಅದೂ ನಮ್ಮ ದೇಶದಲ್ಲೇ ಬಿದ್ದ ವಿಮಾನದ ಕಥೆ ಇದು.

1944ರ ಜನವರಿ 25. ಚೀನಾದ ಕುನ್ಮಿಂಗ್‌ನಿಂದ ಅಸ್ಸಾಮಿನ ಚಾಬುವಾಕ್ಕೆ ಅಮೆರಿಕದ ಬಿ-24 ಬಾಂಬರ್ ವಿಮಾನವೊಂದು ಹೊರಟಿತು. ಒಳಗೆ 8 ಜನ. ಹಿಮಾಲಯದ ಮೇಲೆ ಹವಾಮಾನ ಕೆಟ್ಟಿತ್ತು, ವಿಮಾನ ಬರಲೇ ಇಲ್ಲ. 2006ರಲ್ಲಿ ಅರುಣಾಚಲದ ಬೆಟ್ಟದಲ್ಲಿ ಅವಶೇಷ ಸಿಕ್ಕಿತು. ಆಮೇಲೆ ಅಮೆರಿಕದ ತಂಡ ಬಂದು ಆ ಕಡಿದಾದ ಇಳಿಜಾರಿನಲ್ಲಿ ಹುಡುಕಿತು. ಸಿಕ್ಕ ಮೂಳೆಯ ಚೂರುಗಳನ್ನು 2016ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಗೌರವದೊಂದಿಗೆ ಕಳಿಸಿಕೊಟ್ಟರು.

ಮೂಳೆಯ ಚೂರಿನಿಂದ ಹೆಸರು ಹೇಗೆ ಗೊತ್ತಾಗುತ್ತದೆ, ಅಲ್ವಾ? ಹಳೇ ಮೂಳೆಯಲ್ಲೂ ಜಾಸ್ತಿ ಉಳಿದಿರುವುದು ಮೈಟೋಕಾಂಡ್ರಿಯದ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗದ) ಡಿಎನ್‌ಎ. ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಹಾಗಾಗಿ ಸತ್ತ ಗಂಡಸಿನ ಸ್ವಂತ ಮಕ್ಕಳ ಮಾದರಿ ಇದಕ್ಕೆ ಆಗುವುದಿಲ್ಲ, ಆದರೆ ಅಕ್ಕತಂಗಿಯರ ಮಕ್ಕಳ ಮಾದರಿ ಕೊಟ್ಟರೆ ತಾಳೆ ನೋಡಬಹುದು. ಅದರ ಜೊತೆಗೆ ಮೂಳೆಯ ಪರೀಕ್ಷೆ, ಯುದ್ಧಕಾಲದ ದಾಖಲೆ, ಜಾಗದ ಸಾಕ್ಷ್ಯ ಎಲ್ಲವನ್ನೂ ಸೇರಿಸಿ ತೀರ್ಮಾನಿಸುತ್ತಾರೆ.

ಹೀಗೆ ಗುರುತಾದವರು ಆ ವಿಮಾನದಲ್ಲಿದ್ದ ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್. 2017ರ ಜೂನ್‌ನಲ್ಲಿ ಜಾರ್ಜಿಯಾ ರಾಜ್ಯದ ಕಾಂಕರ್ಡ್ ಎಂಬ ತಮ್ಮ ಊರಿನ ಮಣ್ಣು ಸೇರಿದರು. ನನ್ನ ಮನಸ್ಸಿನಲ್ಲಿ ಉಳಿದ ಇನ್ನೊಂದು ಸಂಗತಿ ಇದೆ. ಅಮೆರಿಕದ ಯುದ್ಧ ಸ್ಮಾರಕಗಳಲ್ಲಿ ಕಾಣೆಯಾದವರ ಹೆಸರುಗಳನ್ನು ಕಲ್ಲಿನ ಗೋಡೆಯಲ್ಲಿ ಕೆತ್ತಿರುತ್ತಾರೆ. ಗುರುತು ಸಿಕ್ಕ ಮೇಲೆ ಹೆಸರನ್ನು ಅಳಿಸುವುದಿಲ್ಲ. ಪಕ್ಕದಲ್ಲಿ ಹೂವಿನಾಕಾರದ ಸಣ್ಣ ಬಿಲ್ಲೆಯೊಂದನ್ನು ಕೂರಿಸುತ್ತಾರೆ.