ಮಸಿಯ ಕಲೆಗೆ ಯಾರ ಅಳತೆಗೋಲು?

ಪ್ರಶ್ನೆ: ಒಂಬತ್ತನೇ ತರಗತಿಯಲ್ಲಿರುವ ನನ್ನ ಮಗಳು ಅಜ್ಜಿ ತೀರಿಕೊಂಡ ಮೇಲೆ ಶಾಲೆಗೆ ಹೋಗಲು ಹಿಂಜರಿಯುತ್ತಿದ್ದಾಳೆ. ಮನಶ್ಶಾಸ್ತ್ರಜ್ಞರ ಬಳಿ ಕರೆದೊಯ್ದೆವು. ಅವರು ಮಸಿಯ ಕಲೆಗಳನ್ನೂ ಕೆಲವು ಚಿತ್ರಗಳನ್ನೂ ತೋರಿಸಿ, ಇಂಗ್ಲಿಷಿನಲ್ಲಿ ಉತ್ತರ ಹೇಳಿಸಿ, ವರದಿಯಲ್ಲಿ ‘ಪರಾವಲಂಬಿ ಸ್ವಭಾವ’ ಎಂದು ಬರೆದಿದ್ದಾರೆ. ವಿದೇಶದ ಚಿತ್ರಗಳಿಂದ ನಮ್ಮ ಮಕ್ಕಳ ಸ್ವಭಾವ ಹೇಳಬಹುದೇ?
– ಓದುಗರೊಬ್ಬರು, ಶ್ರೀನಗರ, ಬೆಂಗಳೂರು

ಉತ್ತರ: ಇವನ್ನು ಪ್ರಕ್ಷೇಪಣ ಪರೀಕ್ಷೆಗಳು ಎನ್ನುತ್ತಾರೆ. ಅಸ್ಪಷ್ಟವಾದುದನ್ನು ಕಂಡಾಗ ಮನುಷ್ಯ ತನ್ನೊಳಗಿನದನ್ನೇ ಅದರ ಮೇಲೆ ಹೊರಿಸುತ್ತಾನೆ ಎಂಬುದು ಇವುಗಳ ಆಧಾರ. ಮಸಿಯ ಕಲೆಗಳ ಹತ್ತು ಕಾರ್ಡುಗಳನ್ನು ಸ್ವಿಟ್ಜರ್ಲೆಂಡಿನ ಹರ್ಮನ್ ರೋರ್ಶಾಕ್ 1921ರಲ್ಲಿ ಪ್ರಕಟಿಸಿದರು. ಕಥೆ ಹೇಳಿಸುವ ಚಿತ್ರಗಳ ಪರೀಕ್ಷೆಯನ್ನು, ಅಂದರೆ ಟಿ.ಎ.ಟಿ.ಯನ್ನು (ಥೀಮ್ಯಾಟಿಕ್ ಅಪರ್ಸೆಪ್ಶನ್ ಟೆಸ್ಟ್), ಹಾರ್ವರ್ಡಿನ ಹೆನ್ರಿ ಮರ್ರೆ ಮತ್ತು ಕ್ರಿಸ್ಟಿಯಾನಾ ಮಾರ್ಗನ್ 1935ರಲ್ಲಿ ಪರಿಚಯಿಸಿದರು.

ಟಿ.ಎ.ಟಿ.ಯ ಒಂದು ಪ್ರಸಿದ್ಧ ಚಿತ್ರದಲ್ಲಿ ಪುಸ್ತಕ ಹಿಡಿದ ಯುವತಿ ಮುಂದೆ ನಿಂತಿದ್ದಾಳೆ, ಹಿಂದೆ ಗಂಡಸೊಬ್ಬ ಕುದುರೆಯೊಂದಿಗೆ ಹೊಲದಲ್ಲಿ ದುಡಿಯುತ್ತಿದ್ದಾನೆ, ಹಿರಿಯ ಹೆಂಗಸೊಬ್ಬಳು ನೋಡುತ್ತಿದ್ದಾಳೆ. ಹೊಲವೆಂದರೆ ಎತ್ತು ಎಂದು ಬಲ್ಲ ಹುಡುಗಿ ಕುದುರೆಯನ್ನು ಕಂಡು ಅರೆಗಳಿಗೆ ಸುಮ್ಮನಾದರೆ, ಆ ಮೌನವನ್ನು ಮನಸ್ಸಿನ ತಡೆಯೆಂದು ಓದುವ ಅಪಾಯವಿದೆ. ‘ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆ ಅವಳು ಓದಲು ಹೋದಳು’ ಎಂದು ಕಥೆ ಮುಗಿಸಿದರೆ, ಮನೆ ಬಿಟ್ಟು ಹೊರಡುವುದನ್ನೇ ಬೆಳವಣಿಗೆಯ ಗುರುತೆಂದು ಎಣಿಸುವ ಕಡೆ ಅದು ಪರಾವಲಂಬನೆಯಂತೆ ಕಾಣಬಹುದು. ಅಜ್ಜಿಯನ್ನು ಕೇಳದೆ ಹೊಸ ಬಟ್ಟೆಯನ್ನೂ ಕೊಳ್ಳದ ಮನೆಯಲ್ಲಿ ಅದು ಬರೀ ಮರ್ಯಾದೆ. ನಿಮ್ಮ ಮಗಳು ಹೇಳಿದ ಕಥೆಯನ್ನು ನಾನು ಓದಿಲ್ಲ. ಆದರೂ ಇಂಥ ಒಂದು ವಾಕ್ಯದಿಂದ ಸ್ವಭಾವವನ್ನು ತೀರ್ಮಾನಿಸುವುದನ್ನು ನಾನು ಒಪ್ಪಲಾರೆ.

ಹಾಗಾದರೆ ಚಿತ್ರವನ್ನೇ ಬದಲಿಸಿದರಾಯಿತಲ್ಲ ಎಂದು ನೀವು ಕೇಳಬಹುದು. ಉಮಾ ಚೌಧುರಿಯವರು 1960ರಲ್ಲಿ ಟಿ.ಎ.ಟಿ.ಯ ಭಾರತೀಯ ರೂಪಾಂತರವನ್ನು ಹೊರತಂದರು. ಅದು ಬೇಕಾಗಿದ್ದ ಕೆಲಸವೇ. ಆದರೆ ಗೌನಿನ ಬದಲು ಸೀರೆ ಉಡಿಸಿದ ಮಾತ್ರಕ್ಕೆ ಅಳತೆಗೋಲು ಬದಲಾಗುವುದಿಲ್ಲ, ಅಲ್ಲದೆ ಅರವತ್ತು ವರ್ಷಗಳ ಹಿಂದಿನ ಸೀರೆಯೂ ಇಂದಿನ ಅಪಾರ್ಟ್‌ಮೆಂಟಿನ ಮಗುವಿಗೆ ಅಷ್ಟೇನೂ ಹತ್ತಿರದ್ದಲ್ಲ.

ಮಸಿಯ ಕಲೆಯಲ್ಲಿ ಉಡುಪಿಲ್ಲ, ಊರಿಲ್ಲ. ಆದ್ದರಿಂದ ಅದು ಎಲ್ಲರಿಗೂ ಒಂದೇ ಎಂದು ಬಹುಕಾಲ ನಂಬಲಾಗಿತ್ತು. ಆದರೆ ಉತ್ತರಕ್ಕೆ ಭಾಷೆ ಇದೆ. ‘ಇಬ್ಬರು ಹೆಂಗಸರು ಒರಳಲ್ಲಿ ರುಬ್ಬುತ್ತಿದ್ದಾರೆ’ ಎಂದು ಕನ್ನಡದಲ್ಲಿ ಥಟ್ಟನೆ ಹೇಳಬಲ್ಲ ಹುಡುಗಿ, ರುಬ್ಬುವುದಕ್ಕೆ ಇಂಗ್ಲಿಷ್ ಪದ ಹೊಳೆಯದೆ ‘ಟೂ ಲೇಡೀಸ್’ ಎಂದಷ್ಟೇ ಹೇಳಿ ನಿಲ್ಲಿಸಬಹುದು. ರೋರ್ಶಾಕ್ ಪರೀಕ್ಷೆಯಲ್ಲಿ ಮನುಷ್ಯರ ಚಲನೆಯನ್ನು ಕಂಡ ಉತ್ತರಕ್ಕೆ ಬೇರೆಯದೇ ಸಂಕೇತವಿದೆ, ಅದಕ್ಕೆ ಕಲ್ಪನಾಶಕ್ತಿಯ ದೃಷ್ಟಿಯಿಂದ ಮಹತ್ವವೂ ಇದೆ. ಪದ ಸಿಗದೆ ಹೋದದ್ದು ವರದಿಯಲ್ಲಿ ಕಲ್ಪನೆಯ ಬಡತನವಾಗಿಬಿಡುತ್ತದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಚಿತ್ರಗಳ ಮೂಲವಲ್ಲ, ಈ ‘ಇಂಗ್ಲಿಷಿನಲ್ಲಿ’ ಎಂಬ ಮಾತು.

ಇನ್ನು ಹೋಲಿಕೆಯ ಅಂಕಗಳು, ಅಂದರೆ ಒಬ್ಬರ ಉತ್ತರಗಳನ್ನು ಇತರರ ಉತ್ತರಗಳೊಡನೆ ತೂಗಿನೋಡಲು ಬಳಸುವ ಅಂಕಗಳು. ರೋರ್ಶಾಕ್ ಉತ್ತರಗಳನ್ನು ಎಣಿಸುವ ಕ್ರಮಬದ್ಧ ಪದ್ಧತಿಯನ್ನು ಜಾನ್ ಎಕ್ಸ್‌ನರ್ 1974ರಲ್ಲಿ ಅಮೆರಿಕದಲ್ಲಿ ರೂಪಿಸಿದರು. ಆ ಪದ್ಧತಿಗಾಗಿ 2007ರಲ್ಲಿ 17 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ ಪ್ರಕಟಿಸಲಾಯಿತು, ಅದರಲ್ಲಿ ಭಾರತವಿರಲಿಲ್ಲ. ದೊಡ್ಡವರ ಅಂಕಗಳು ದೇಶದಿಂದ ದೇಶಕ್ಕೆ ಸಾಕಷ್ಟು ಹೊಂದಿಕೊಂಡರೂ ಮಕ್ಕಳ ಅಂಕಗಳು ಬಹಳ ಏರುಪೇರಾಗಿದ್ದವು.

ಹಾಗೆಂದು ಈ ಪರೀಕ್ಷೆಗಳನ್ನು ಗಿಣಿಶಾಸ್ತ್ರದ ಸಾಲಿಗೆ ಸೇರಿಸಬೇಡಿ. ಮಾತಾಡಲು ಒಲ್ಲದ ಮಗುವಿನ ಬಾಯಿ ಬಿಡಿಸಲು ಚಿತ್ರಕ್ಕಿಂತ ಒಳ್ಳೆಯ ನೆಪ ಸಿಗುವುದು ಕಷ್ಟ.

ಪರೀಕ್ಷಿಸಿದವರನ್ನೇ ಮತ್ತೊಮ್ಮೆ ಭೇಟಿಯಾಗಿ, ಯಾವ ಉತ್ತರಗಳಿಂದ ಆ ಮಾತನ್ನು ಬರೆದಿರಿ, ಯಾವ ಮಕ್ಕಳ ಅಂಕಗಳೊಡನೆ ಹೋಲಿಸಿದಿರಿ, ಅಜ್ಜಿಯ ಸಾವನ್ನು ಗಣನೆಗೆ ತೆಗೆದುಕೊಂಡಿರಾ ಎಂದು ವಿಚಾರಿಸಿ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಅವರು ನೋಂದಾಯಿತರೇ ಎಂದೂ ಕೇಳಬಹುದು, ಅದರಲ್ಲಿ ಸಂಕೋಚ ಬೇಡ. ಉತ್ತರ ಸಮಾಧಾನ ತರದಿದ್ದರೆ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ವಿಭಾಗಕ್ಕೆ ವರದಿಯೊಂದಿಗೆ ಹೋಗಿ, ಮಗಳೊಡನೆ ಕನ್ನಡದಲ್ಲಿಯೇ ಮಾತಾಡುವಂತೆ ಕೋರಿ.